ಅಪ್ಪಯ್ಯ, ಆಯಿ ಇಬ್ಬರ ಗುಳಿಗೆ ಖರ್ಚು: ಊಟ ಬದಲಿಸಿದರೆ ಇಳಿಯುತ್ತದಾ?

ಬೆಟ್ಟದದಾರಿ
ಎಲ್ಲರಿಗೂ ನಮಸ್ಕಾರ. ಮನೆ ಸಿರ್ಸಿ ತಾಲೂಕಿನ ಒಂದು ಹಳ್ಳಿ. ನಾನಿರುವುದು ಬೆಂಗಳೂರಲ್ಲಿ, ಊರಲ್ಲಿ ಅಪ್ಪಯ್ಯ, ಆಯಿ ಇಬ್ಬರೇ. ಅಪ್ಪಯ್ಯನಿಗೆ ಶುಗರ್, ಆಯಿಗೆ ಬೀಪಿ. ಇಬ್ಬರದ್ದೂ ಸೇರಿ ಗುಳಿಗೆ ಬಿಲ್ಲು ಈಗ ತಿಂಗಳಿಗೆ ಆರು ಸಾವಿರ ದಾಟಿದೆ. ಅಡಿಕೆ ದುಡ್ಡು ಕೈಗೆ ಬರುವುದು ವರ್ಷಕ್ಕೊಂದು ಸಲ, ಮೆಡಿಕಲ್ ಶಾಪಿನ ಬಿಲ್ಲು ಮಾತ್ರ ತಿಂಗಳು ತಿಂಗಳು ತಪ್ಪುವುದಿಲ್ಲ.

ಈಗ ಅಪ್ಪಯ್ಯ ಹೊಸ ರಾಗ ತೆಗೆದಿದ್ದಾರೆ. "ನನ್ನ ಅಜ್ಜ ಗುಳಿಗೆ ನುಂಗಿದ್ದನಾ? ತಂಬುಳಿ ಉಂಡುಕೊಂಡು ತೊಂಬತ್ತು ವರ್ಷ ಬದುಕಿದ. ನಾನೂ ಎಲ್ಲ ಬಿಟ್ಟು ಪಥ್ಯ ಮಾಡುತ್ತೇನೆ" ಅಂತ. ಆಯಿ ಫೋನಲ್ಲಿ ಅಳುವುದೊಂದು ಬಾಕಿ.

ಬಿಲ್ಲು ಕಡಿಮೆ ಮಾಡುವ ದಾರಿ ಏನಾದರೂ ಇದೆಯಾ? ಊಟ ಸರಿ ಮಾಡಿಕೊಂಡರೆ ಗುಳಿಗೆ ನಿಜವಾಗಿ ಕಡಿಮೆಯಾಗುತ್ತದಾ? ಅನುಭವ ಇದ್ದವರು ಹೇಳಿ.

ಅಪ್ಪೆಮಿಡಿ
ನಿಮ್ಮ ಅಪ್ಪಯ್ಯ ಸರಿಯಾಗೇ ಹೇಳಿದ್ದಾರೆ ನೋಡಿ. ಒಂದೆಲಗದ ತಂಬುಳಿ, ನೆಲ್ಲಿ ತಂಬುಳಿ, ಬಾಳೆದಿಂಡಿನ ಪಲ್ಯ, ಹುರುಳಿ ಸಾರು, ಹರಿವೆ, ಬಸಳೆ. ಇಷ್ಟು ನಮ್ಮ ಹಿತ್ತಲಲ್ಲೇ ಸಿಗುತ್ತಿತ್ತು. ಈಗ ಯಾರ ಮನೆಯಲ್ಲಿ ಮಾಡುತ್ತಾರೆ? ಸಂಜೆಯಾದರೆ ಬೇಕರಿ ಪೊಟ್ಟಣ. ಆಮೇಲೆ ಗುಳಿಗೆ ತುಟ್ಟಿ ಅಂತ ಅಳುವುದು.

ಲೆಕ್ಕದಪುಸ್ತಕ
ಅಜ್ಜ ತೊಂಬತ್ತು ವರ್ಷ ಬದುಕಿದ, ಸಂತೋಷ. ಅಜ್ಜನ ಓರಗೆಯವರು ಎಷ್ಟು ಜನ ಐವತ್ತಕ್ಕೇ "ಎದೆನೋವು ಬಂತು, ಹೋದ" ಅಂತ ಆದರು? ಆ ಲೆಕ್ಕ ಯಾರೂ ಹೇಳುವುದಿಲ್ಲ. ಬೀಪಿ ನೋಡುವ ಮಿಷನ್ನೇ ಊರಲ್ಲಿ ಇರಲಿಲ್ಲ.

ಅಪ್ಪೆಮಿಡಿ
ನಿಮಗೆ ಹಳೆಯದೆಲ್ಲ ಸುಳ್ಳು. ಇರಲಿ ಬಿಡಿ.

ಮೆಡಿಕಲ್‌ಮಾಮ
ಕುಮಟಾ ಕಡೆ ಔಷಧಿ ಅಂಗಡಿ ನಡೆಸುತ್ತೇನೆ. ಅಪ್ಪಯ್ಯ ಗುಳಿಗೆ ಬಿಡದ ಹಾಗೆ ಮೊದಲು ನೋಡಿಕೊಳ್ಳಿ. ಉಳಿದದ್ದು ಆಮೇಲೆ ಜಗಳ ಮಾಡೋಣ.

ತಮ್ಮಾ, ಆರು ಸಾವಿರ ಅಂದರೆ ನನಗೆ ಅನುಮಾನ. ಬರೀ ಶುಗರ್, ಬೀಪಿಗೆ ಅಷ್ಟು ಆಗುವುದು ಕಷ್ಟ. ಎರಡೂ ಚೀಟಿಯಲ್ಲಿ ಇರುವುದನ್ನೆಲ್ಲ ಇಲ್ಲಿ ಹಾಕಿ. ಕಂಪನಿ ಹೆಸರು ಬೇಡ. ಸ್ಟ್ರಿಪ್ಪಿನ ಮೇಲೆ ಔಷಧಿಯ ಮೂಲ ಹೆಸರು ಇರುತ್ತದೆ, ಅದನ್ನು ಬರೆಯಿರಿ.

ಬೆಟ್ಟದದಾರಿ
ಆಯಿಯ ಹತ್ತಿರ ಫೋಟೋ ಹಾಕಿಸಿಕೊಂಡೆ.

ಅಪ್ಪಯ್ಯ: ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ್ದು, ಎಂಪಾಗ್ಲಿಫ್ಲೋಜಿನ್ (ಇಷ್ಟು ಶುಗರಿಗೆ), ಅಟೋರ್ವಾಸ್ಟಾಟಿನ್ (ಕೊಲೆಸ್ಟ್ರಾಲಿಗೆ), ಪ್ಯಾಂಟೊಪ್ರಜೋಲ್ (ಗ್ಯಾಸ್ಟ್ರಿಕ್ಕಿಗೆ), ಒಂದು "ನರದ ಕ್ಯಾಪ್ಸೂಲ್", ಒಂದು ಲಿವರ್ ಟಾನಿಕ್.

ಆಯಿ: ಬೀಪಿಗೆ ಟೆಲ್ಮಿಸಾರ್ಟಾನ್ ಮತ್ತು ಆಮ್ಲೋಡಿಪಿನ್ ಸೇರಿದ್ದು, ಇದು ಹುಬ್ಬಳ್ಳಿಯ ಡಾಕ್ಟ್ರು ಬರೆದದ್ದು. ಆಮೇಲೆ ಆಮ್ಲೋಡಿಪಿನ್ ಬೇರೆಯದಾಗಿ ಒಂದು, ಅದು ಇಲ್ಲಿಯ ಡಾಕ್ಟ್ರದ್ದು. ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಕಾಲು ಬಾವಿಗೆ ನೀರಿನ ಗುಳಿಗೆ (ಮೂತ್ರ ಜಾಸ್ತಿ ಹೋಗುವ ಹಾಗೆ ಮಾಡುವುದು), ಮತ್ತೆ ಒಂದು ಪ್ರೋಟೀನ್ ಪುಡಿ ಡಬ್ಬಿ.

ಸಿಸ್ಟರಕ್ಕ
ಆಯಿಗೆ ಕಾಲು ಬಾವು ಯಾವಾಗಿಂದ?

ಬೆಟ್ಟದದಾರಿ
ಹೋದ ಮಳೆಗಾಲದಿಂದ ಇರಬೇಕು ಅಕ್ಕ. ಸಂಜೆಯಾದರೆ ಪಾದ ಉಬ್ಬುತ್ತದೆ, ಬೆರಳಲ್ಲಿ ಒತ್ತಿದರೆ ಕುಳಿ ಬೀಳುತ್ತದೆ. ಥಂಡಿಗೆ ವಾಯು ಅಂದುಕೊಂಡಿದ್ದರು.

ಸಿಸ್ಟರಕ್ಕ
ಹೊನ್ನಾವರದ ಕಡೆ ಬಹಳ ವರ್ಷ ನರ್ಸ್ ಆಗಿದ್ದೆ, ಈಗ ನಿವೃತ್ತಿ. ನಾನು ಡಾಕ್ಟರ್ ಅಲ್ಲ, ಆದರೆ ಇದನ್ನು ಸುಮಾರು ಜನರಲ್ಲಿ ನೋಡಿದ್ದೇನೆ. ಆಮ್ಲೋಡಿಪಿನ್ ಡೋಸು ಜಾಸ್ತಿಯಾದರೆ ಪಾದ ಬಾವುವುದು ಗೊತ್ತಿರುವ ವಿಷಯ. ನಿಮ್ಮ ಆಯಿ ಅದನ್ನು ಎರಡು ಕಡೆಯಿಂದ ತಗೊಳ್ಳುತ್ತಿದ್ದಾರೆ. ಕಾಲು ಬಾತಿದ್ದಕ್ಕೆ ಮೂರನೇ ಗುಳಿಗೆ ಬಂದಿದೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೇ ಆಗಿರಬಹುದು. ಹೃದಯ, ಕಿಡ್ನಿ ತೊಂದರೆಗೂ ಕಾಲು ಬಾವುತ್ತದೆ, ಹಾಗಾಗಿ ಮನೆಯಲ್ಲೇ ತೀರ್ಮಾನ ಮಾಡಿ ಯಾವುದನ್ನೂ ನಿಲ್ಲಿಸಬೇಡಿ. ಎರಡೂ ಚೀಟಿ, ಎಲ್ಲ ಸ್ಟ್ರಿಪ್ಪು ಒಂದು ಚೀಲದಲ್ಲಿ ಹಾಕಿಕೊಂಡು ಒಬ್ಬರೇ ಡಾಕ್ಟ್ರ ಹತ್ತಿರ ಈ ವಾರವೇ ಹೋಗಲಿ.

ಮೆಡಿಕಲ್‌ಮಾಮ
ಅಕ್ಕ ಹೇಳಿದ್ದೇ ನನ್ನ ಮಾತೂ. ಇನ್ನು ದುಡ್ಡಿನ ವಿಷಯ.

ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಅಟೋರ್ವಾಸ್ಟಾಟಿನ್ ಇವೆಲ್ಲ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಸರ್ಕಾರ ಇವಕ್ಕೆ ಗರಿಷ್ಠ ಬೆಲೆ ಕಟ್ಟಿದೆ. ಪಟ್ಟಿಯಲ್ಲಿ ಇಲ್ಲದ ಔಷಧಿಗೆ ಕಂಪನಿ ವರ್ಷಕ್ಕೆ ಶೇ. 10ರವರೆಗೆ ಬೆಲೆ ಏರಿಸಬಹುದು. ಎರಡು ಮೂರು ಔಷಧಿ ಸೇರಿಸಿ ಮಾಡಿದ ಗುಳಿಗೆ ಸುಮಾರಾಗಿ ಪಟ್ಟಿಯ ಹೊರಗೇ ಇರುತ್ತದೆ. ವರ್ಷ ವರ್ಷ ನಿಮ್ಮ ಬಿಲ್ಲು ಹತ್ತುವುದು ಅಲ್ಲಿಂದ.

ಈಗ ಆ ನರದ ಕ್ಯಾಪ್ಸೂಲ್, ಮಲ್ಟಿವಿಟಮಿನ್, ಪ್ರೋಟೀನ್ ಡಬ್ಬಿ ತಿರುಗಿಸಿ ಹಿಂದೆ ನೋಡಿ. ಔಷಧಿ ಲೈಸೆನ್ಸ್ ನಂಬರ್ ಇಲ್ಲದೆ ಆಹಾರ ಸುರಕ್ಷತಾ ಸಂಸ್ಥೆಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಕಾಯ್ದೆ ಪ್ರಕಾರ ಆಹಾರ. ಔಷಧಿ ಬೆಲೆ ನಿಯಂತ್ರಣ ಅದಕ್ಕೆ ತಾಗುವುದೇ ಇಲ್ಲ. ನಿಮ್ಮ ಆರು ಸಾವಿರದಲ್ಲಿ ದೊಡ್ಡ ಪಾಲು ಅಲ್ಲೇ ಕೂತಿದೆ ಅಂತ ನನ್ನ ಅಂದಾಜು. ಅಂಗಡಿಯವನಾಗಿ ನಾನು ಇದನ್ನು ಹೇಳಬಾರದು, ಲಾಭ ಇರುವುದೂ ಅದರಲ್ಲೇ 😄

ಒಂದು ತಿದ್ದುಪಡಿ: ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುವುದುಂಟು. ಅಪ್ಪಯ್ಯ ಸಸ್ಯಾಹಾರಿಯಾದರೆ ಇನ್ನೂ ಜಾಸ್ತಿ ಸಾಧ್ಯತೆ. ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಬರೀ ಬಿ12 ಗುಳಿಗೆ ಸಾಕಾ ಅಂತ ಡಾಕ್ಟ್ರನ್ನು ಕೇಳಿ. ಹದಿನೈದು ಐಟಂ ತುಂಬಿದ ಕ್ಯಾಪ್ಸೂಲ್ ಬೇಕಾಗುವುದು ಅಪರೂಪ.

ಲೆಕ್ಕದಪುಸ್ತಕ
ಎಂಪಾಗ್ಲಿಫ್ಲೋಜಿನ್ ಒಂದು ಗುಳಿಗೆಗೆ ಎಷ್ಟು ಕೊಡುತ್ತಿದ್ದೀರಿ? 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ (ಒಂದೇ ಕಂಪನಿ ಮಾರುವ ಹಕ್ಕು) ಮುಗಿಯಿತು. ಅದಕ್ಕೆ ಮುಂಚೆ ಒಂದು ಗುಳಿಗೆ ಅರವತ್ತು ರೂಪಾಯಿ ಹತ್ತಿರ ಇತ್ತು. ಮುಗಿದ ಕೂಡಲೇ ನಮ್ಮ ದೇಶದ ಕಂಪನಿಗಳು ಸಾಲುಸಾಲಾಗಿ ಇಳಿದವು, ಹತ್ತು ರೂಪಾಯಿ ಆಸುಪಾಸಿಗೆಲ್ಲ ಬಂತು. ಹಳೇ ಚೀಟಿ ತೋರಿಸಿ ಹಳೇ ಬ್ರ್ಯಾಂಡೇ ತರುತ್ತಿದ್ದರೆ ಹಳೇ ರೇಟೇ ಬೀಳುತ್ತಿರಬಹುದು.

ಸಿಟಾಗ್ಲಿಪ್ಟಿನ್ ಅಂತ ಇನ್ನೊಂದು ಶುಗರ್ ಗುಳಿಗೆ, ಅದರ ಕಥೆಯೂ ಇದೇ. 2022ರಲ್ಲಿ ಪೇಟೆಂಟ್ ಹೋಯಿತು, ಅದೇ ವರ್ಷ ಜನೌಷಧಿಯಲ್ಲಿ (ಕೇಂದ್ರ ಸರ್ಕಾರದ ಅಗ್ಗದ ಔಷಧಿ ಮಳಿಗೆ) 50 ಮಿಲಿಗ್ರಾಂನ ಹತ್ತು ಗುಳಿಗೆಗೆ 60 ರೂಪಾಯಿ ಇಟ್ಟರು.

ಬೆಟ್ಟದದಾರಿ
ಅಯ್ಯೋ ಹೌದು. ಐವತ್ತರ ಮೇಲೇ ಬೀಳುತ್ತಿದೆ. ಮೆಡಿಕಲ್ ಶಾಪಿನವ ಒಂದು ಮಾತು ಹೇಳಬಾರದಿತ್ತಾ?

ಮೆಡಿಕಲ್‌ಮಾಮ
ಹೇಳಬಹುದಿತ್ತು. ಆದರೆ ಬದಲಿಸಿ ಕೊಡುವ ಹಕ್ಕು ನಮಗಿಲ್ಲ. ಡಾಕ್ಟ್ರು ಬ್ರ್ಯಾಂಡ್ ಬರೆದರೆ ಅದೇ ಔಷಧಿಯ ಬೇರೆ ಬ್ರ್ಯಾಂಡನ್ನೂ ನಾವಾಗಿ ಕೊಡುವ ಹಾಗಿಲ್ಲ, ನಿಯಮ ಹಾಗಿದೆ. 2023ರ ಆಗಸ್ಟ್‌ನಲ್ಲಿ ಡಾಕ್ಟ್ರುಗಳು ಮೂಲ ಹೆಸರೇ ಬರೆಯಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ತಂದಿತ್ತು. ಗಲಾಟೆಯಾಗಿ ಅದೇ ತಿಂಗಳು ತಡೆಹಿಡಿದರು. ಹಾಗಾಗಿ ಚೀಟಿ ಬರೆಯುವಾಗಲೇ "ಸಾರ್, ಮೂಲ ಹೆಸರು ಬರೆದುಕೊಡಿ" ಅಂತ ಕೇಳಿ. ಸುಮಾರು ಡಾಕ್ಟ್ರು ಬೇಜಾರಿಲ್ಲದೆ ಬರೆಯುತ್ತಾರೆ.

ಬೆಲೆ ಹೋಲಿಸಲು ಫಾರ್ಮಾ ಸಹಿ ದಾಮ್ ಅಂತ ಸರ್ಕಾರದ ಆ್ಯಪ್ ಇದೆ. ಜನೌಷಧಿ ಸುಗಮ್ ಆ್ಯಪಿನಲ್ಲಿ ಹತ್ತಿರದ ಕೇಂದ್ರ ಎಲ್ಲಿದೆ ಅಂತಲೂ ತೋರಿಸುತ್ತದೆ.

ಹೊಳೆಸಾಲು
ಜನೌಷಧಿ ನಂಬಬೇಡಿ ಮಾರಾಯ್ರೆ. ನಮ್ಮ ಮಾವನಿಗೆ ಅಲ್ಲಿಂದ ಶುಗರ್ ಗುಳಿಗೆ ತಂದಿದ್ದೆವು. ಹೇಳಲು ಮುಜುಗರ, ಆದರೆ ಹೇಳುತ್ತೇನೆ: ಬೆಳಿಗ್ಗೆ ನೋಡಿದರೆ ಗುಳಿಗೆ ಇಡೀ ಇಡಿಯಾಗಿ ಹೊರಗೆ ಬಂದಿದೆ! ಕರಗಲೇ ಇಲ್ಲ. ಡುಪ್ಲಿಕೇಟ್ ಅಲ್ಲದೆ ಇನ್ನೇನು?

ಅಪ್ಪೆಮಿಡಿ
😂😂

ಮೆಡಿಕಲ್‌ಮಾಮ
ಅದು ಎಸ್‌ಆರ್ ಅಥವಾ ಎಕ್ಸ್‌ಆರ್ ಅಂತ ಬರೆದ ಮೆಟ್‌ಫಾರ್ಮಿನ್ ಆಗಿರಬೇಕು. ದಿನವಿಡೀ ನಿಧಾನ ಔಷಧಿ ಬಿಡುವ ಹಾಗೆ ಮಾಡಿದ ಗುಳಿಗೆ. ಔಷಧಿ ಒಳಗೆ ಹೋಗಿ ಖಾಲಿ ಚಿಪ್ಪು ಮಾತ್ರ ಹೊರಗೆ ಬರುವುದುಂಟು. ದುಬಾರಿ ಬ್ರ್ಯಾಂಡಿನದ್ದೂ ಹಾಗೇ ಬರುತ್ತದೆ, ಯಾರೂ ನೋಡಲು ಹೋಗುವುದಿಲ್ಲ ಅಷ್ಟೇ. ಆ ಗುಳಿಗೆಯನ್ನು ಪುಡಿ ಮಾಡಿ ಮಾತ್ರ ಕೊಡಬೇಡಿ, ಇಡೀ ದಿನದ್ದು ಒಮ್ಮೆಲೇ ಹೊಟ್ಟೆಗೆ ಬೀಳುತ್ತದೆ.

ಹೊಳೆಸಾಲು
ಓ. ನಾವು ಇಡೀ ಸ್ಟ್ರಿಪ್ ಎಸೆದೆವು.

ಲೆಕ್ಕದಪುಸ್ತಕ
ಗುಣಮಟ್ಟದ ಪ್ರಶ್ನೆ ಪೂರ್ತಿ ಸುಳ್ಳೇನಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಗುಣಮಟ್ಟ ಇಲ್ಲದ ಬ್ಯಾಚುಗಳ ಪಟ್ಟಿ ಹಾಕುತ್ತದೆ. ಅದರಲ್ಲಿ ಅಗ್ಗದ್ದೂ ಇರುತ್ತದೆ, ಹೆಸರಾಂತ ಬ್ರ್ಯಾಂಡೂ ಇರುತ್ತದೆ. ರೇಟು ಜಾಸ್ತಿ ಅಂದ ಮಾತ್ರಕ್ಕೆ ಒಳ್ಳೇದು ಅಂತ ಏನಿಲ್ಲ. ಬದಲಿಸಿದ ಮೇಲೆ ಒಂದಷ್ಟು ದಿನ ಶುಗರ್, ಬೀಪಿ ನೋಡಿಕೊಳ್ಳಿ, ಗೊತ್ತಾಗುತ್ತದೆ.

ಹೊಳೆಸಾಲು
ಅಂದಹಾಗೆ 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಒಳಗಿನ ಜನೌಷಧಿ ಮುಚ್ಚಿ ಅಂತ ರಾಜ್ಯ ಸರ್ಕಾರವೇ ಆದೇಶ ಮಾಡಿತ್ತಲ್ಲ? ಕೋರ್ಟಿಗೂ ಹೋಯಿತು. ಬಡವರ ಹೊಟ್ಟೆ ಮೇಲೆ ಹೊಡೆಯುವುದು ಅಂದರೆ ಇದೇ.

ಗಾಬಿತವಾಡ
ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡಬೇಕಾದ್ದನ್ನು ಅದೇ ಕಾಂಪೌಂಡಲ್ಲಿ ದುಡ್ಡಿಗೆ ಮಾರುವುದು ಯಾಕೆ ಅಂತ ಅವರ ವಾದ. ಪುಕ್ಕಟೆ ಸ್ಟಾಕು ಇದ್ದರೆ ಸರಿ. ಇಲ್ಲದಿದ್ದರೆ?

ನಿರ್ವಾಹಕ
ರಾಜಕೀಯಕ್ಕೆ ಬೇರೆ ಕಡೆ ಜಾಗ ಇದೆ. ಇದೇ ವಿಷಯದ ಮೂರು ಉತ್ತರ ತೆಗೆದಿದ್ದೇನೆ.

ಸಿಸ್ಟರಕ್ಕ
ಪುಕ್ಕಟೆ ಅಂದಿದ್ದಕ್ಕೆ ನೆನಪಾಯಿತು. ತಾಲೂಕು ಆಸ್ಪತ್ರೆಯಲ್ಲಿ ಇಂಥ ಅಂಟದ ಕಾಯಿಲೆಗಳಿಗೆ ಎನ್‌ಸಿಡಿ ಕ್ಲಿನಿಕ್ ಅಂತ ಇರುತ್ತದೆ. ಶುಗರ್, ಬೀಪಿ ಪರೀಕ್ಷೆ, ಮಾಮೂಲಿ ಗುಳಿಗೆ ಅಲ್ಲಿ ಉಚಿತ. ಸ್ಟಾಕು ಕೆಲವೊಮ್ಮೆ ಇರುವುದಿಲ್ಲ, ಅದು ನಿಜ. ಆದರೆ ಕಾರು, ಬಂಗಲೆ ಇದ್ದವರು ನಾಚಿಕೆಗೆ, ಇಲ್ಲದವರು ಗೊತ್ತಿಲ್ಲದೆ, ಇಬ್ಬರೂ ಅತ್ತ ತಲೆ ಹಾಕುವುದಿಲ್ಲ. ಗೃಹ ಆರೋಗ್ಯ ಅಂತ ಮನೆಬಾಗಿಲಿಗೆ ಬಂದು ತಪಾಸಣೆ ಮಾಡುವುದೂ ಈಗ ಶುರುವಾಗಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಕಾಳಿದಂಡೆ
ಕಾರವಾರದಿಂದ. ಇಷ್ಟೊತ್ತು ಬರೀ ರೇಟಿನ ಮಾತಾಯಿತು, ಊಟದ ಮಾತು ಯಾರೂ ಆಡಲಿಲ್ಲ. ಇಲ್ಲಿ ಜೋರು ಕಾಯಿಲೆ ಬಂದರೆ ಗೋವಾದ ಬಾಂಬೋಳಿ ಆಸ್ಪತ್ರೆಗೆ ಓಡಬೇಕು. ಇಲ್ಲದಿದ್ದರೆ ಮಂಗಳೂರು, ಮಣಿಪಾಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ಹಾಗಾಗಿ ಕಾಯಿಲೆ ಬರದ ಹಾಗೆ ತಿನ್ನುವುದು ನಮಗೆ ಬೇರೆಯವರಿಗಿಂತ ಜಾಸ್ತಿ ಬೇಕು.

ನಮ್ಮ ಮನೆಯಲ್ಲಿ ಮೀನು ದಿನಾ. ತಾರ್ಲೆ (ಬೂತಾಯಿ), ಬಂಗಡೆ ಎರಡೂ ಅಗ್ಗ, ಎರಡರಲ್ಲೂ ಹೃದಯಕ್ಕೆ ಒಳ್ಳೆಯ ಒಮೆಗಾ ಕೊಬ್ಬು ಇದೆ. ಆದರೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಏನು ಬಂತು? ಬಾಳೆಲೆಯಲ್ಲಿ ಸುತ್ತಿ ಕಾವಲಿ ಮೇಲೆ ಇಡುವುದು, ಇಲ್ಲದಿದ್ದರೆ ತೆಳ್ಳಗಿನ ಆಂಬಟ್ (ಹುಳಿ ಸಾರು).

ನಮ್ಮ ಕಡೆ ನಿಜವಾದ ತೊಂದರೆ ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್. ಎರಡು ತಿಂಗಳು ಗಂಜಿ, ಒಣ ಬಂಗಡೆ, ಒಣ ಸಿಗಡಿ ಚಟ್ನಿ, ಉಪ್ಪಿನಕಾಯಿ. ನಮ್ಮ ಅತ್ತೆಯವರ ಬೀಪಿ ಮಳೆಗಾಲದಲ್ಲೇ ಏರುತ್ತಿತ್ತು. "ಹವೆ ಬದಲಾಗಿದ್ದಕ್ಕೆ" ಅನ್ನುತ್ತಿದ್ದರು. ಈಗ ಒಣಮೀನನ್ನು ಬಿಸಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ತೊಳೆದು ಮಾಡುತ್ತೇನೆ. ಅದೂ ವಾರಕ್ಕೊಮ್ಮೆ. ಬೈದುಕೊಂಡೇ ಉಣ್ಣುತ್ತಾರೆ.

ಲೆಕ್ಕದಪುಸ್ತಕ
ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ಅಂದರೆ ಸಣ್ಣ ಚಮಚದಲ್ಲಿ ಒಂದು, ಇಡೀ ದಿನದ ಎಲ್ಲ ಅಡುಗೆಯೂ ಸೇರಿ. ಘಟ್ಟದ ಮೇಲಿನವರು ಒಣಮೀನಿಗೆ ನಗಬೇಡಿ. ಭರಣಿಯಲ್ಲಿ ವರ್ಷಗಟ್ಟಲೆ ಉಪ್ಪು ನೀರಲ್ಲಿ ಕೂತ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು. ಒಂದು ಊಟಕ್ಕೆ ಮೂರೂ ಇರುತ್ತದೆ.

ಅಪ್ಪೆಮಿಡಿ
ನನ್ನ ಹೆಸರಿಗೇ ಕೈ ಹಾಕಿದಿರಲ್ಲ! ಒಂದು ಮಿಡಿ ಕಚ್ಚಿಕೊಂಡು ಮೊಸರನ್ನ ಉಂಡರೆ ಯಾರೂ ಸತ್ತಿಲ್ಲ.

ಲೆಕ್ಕದಪುಸ್ತಕ
ಒಂದು ಮಿಡಿ ಅಂತ ಯಾರು ನಿಲ್ಲಿಸುತ್ತಾರೆ ಭಾವ? ಅದರ ರಸ ಬೇರೆ ಅನ್ನಕ್ಕೆ ಕಲಸುತ್ತೀರಿ.

ಉಪ್ಪಿನಾಗರ
ಪ್ಯಾಕೆಟ್ ಉಪ್ಪಿನಿಂದ ಬೀಪಿ ಬರುವುದು. ನಮ್ಮ ಸಾಣಿಕಟ್ಟಾ ಹರಳುಪ್ಪು ನೈಸರ್ಗಿಕ, ಅದು ಎಷ್ಟು ತಿಂದರೂ ಏನಾಗುವುದಿಲ್ಲ.

ಮೆಡಿಕಲ್‌ಮಾಮ
ಸಾಣಿಕಟ್ಟಾ ನನ್ನ ಊರಿನ ಹತ್ತಿರ, ಗದ್ದೆಯಲ್ಲಿ ಉಪ್ಪು ಎಳೆಯುವುದನ್ನು ನೋಡುತ್ತಲೇ ಬೆಳೆದವ. ಹೆಮ್ಮೆ ಇದೆ. ಆದರೂ ಅದರಲ್ಲಿರುವುದು ಸೋಡಿಯಂ ಕ್ಲೋರೈಡೇ. ಹರಳುಪ್ಪು, ಗುಲಾಬಿ ಉಪ್ಪು, ಪ್ಯಾಕೆಟ್ ಉಪ್ಪು, ಬೀಪಿ ಮಟ್ಟಿಗೆ ಎಲ್ಲ ಒಂದೇ. ಮೇಲಿಂದ ಅಯೋಡಿನ್ ಸೇರಿಸದ ಹರಳುಪ್ಪಲ್ಲಿ ಅದೊಂದು ಸಿಗುವುದಿಲ್ಲ.

ಈಗ "ಲೋ ಸೋಡಿಯಂ" ಉಪ್ಪು ಬಂದಿದೆ, ಅದರಲ್ಲಿ ಸ್ವಲ್ಪ ಭಾಗ ಪೊಟ್ಯಾಸಿಯಂ. ಸಾಮಾನ್ಯ ಜನಕ್ಕೆ ಒಳ್ಳೇದೇ. ಆದರೆ ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟಾನ್ ತರಹದ ಗುಳಿಗೆ ತಗೊಳ್ಳುವವರು ಕೇಳದೆ ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಏಟು.

ಟೆಲ್ಮಿಸಾರ್ಟಾನ್ ಅಂದಾಗ ಇನ್ನೊಂದು. ಅದಕ್ಕೆ ತೇವ ತಾಗಬಾರದು. ವಾರದ ಗುಳಿಗೆ ಎಲ್ಲ ಬಿಡಿಸಿ ಡಬ್ಬಿಯಲ್ಲಿ ಹಾಕಿಟ್ಟರೆ ನಮ್ಮ ಜುಲೈ ಹವೆಗೆ ಕೆಟ್ಟುಹೋಗುತ್ತದೆ. ತಿನ್ನುವಾಗಲೇ ಸ್ಟ್ರಿಪ್ಪಿನಿಂದ ತೆಗೆಯಿರಿ.

ತೋಟದಂಚು
ಸಿದ್ದಾಪುರದಿಂದ. ಶುಗರ್ ಮಟ್ಟಿಗೆ ನಮ್ಮ ಕಡೆಯ ದೊಡ್ಡ ಶತ್ರು ಜೋನಿ ಬೆಲ್ಲ, ಅಂದರೆ ದ್ರವ ಬೆಲ್ಲ. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ), ಅದರ ಮೇಲೆ ಸೌಟಲ್ಲಿ ಜೋನಿ ಬೆಲ್ಲ, ಮೇಲೆ ತುಪ್ಪ. "ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಒಳ್ಳೇದು" ಅಂತ ನಮ್ಮ ದೊಡ್ಡಪ್ಪ ಹೇಳುತ್ತಾರೆ. ಕಷಾಯಕ್ಕೂ ಬೆಲ್ಲ. ಶುಗರ್ 300 ಬಂದಾಗ ಲ್ಯಾಬಿನವರ ಮೇಲೆ ಕೂಗಾಡಿದರು.

ಜೋಯಿಡಾಗೆಡ್ಡೆ
ಅನ್ನ ಬಿಡಿ, ಗೆಡ್ಡೆ ತಿನ್ನಿ. ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಬಂದು ನೋಡಿ, ಅಲ್ಲಿಯ ಕುಣಬಿ ಸಮುದಾಯದವರು ಎಷ್ಟು ತರಹ ಬೆಳೆಯುತ್ತಾರೆ ಅಂತ.

ಲೆಕ್ಕದಪುಸ್ತಕ
ಗೆಡ್ಡೆಯೂ ಪಿಷ್ಟವೇ ಅಲ್ವಾ? ಅನ್ನದ ಬದಲು ತಿಂದರೆ ಸರಿ, ಅನ್ನದ ಜೊತೆ ಪಲ್ಯ ಮಾಡಿ ತಿಂದರೆ ಎರಡು ಅನ್ನ ಉಂಡ ಹಾಗೆ.

ಜೋಯಿಡಾಗೆಡ್ಡೆ
ನಿಮ್ಮ ಹತ್ತಿರ ಯಾರು ಮಾತಾಡುತ್ತಾರೆ ಮಾರಾಯ್ರೆ.

ತೋಟದಂಚು
ತಂಬುಳಿ ಬಗ್ಗೆ ಒಂದು ಮಾತು. ತಂಬುಳಿ ತಪ್ಪಲ್ಲ, ಸೊಪ್ಪು ಮಜ್ಜಿಗೆ ಒಳ್ಳೇದೇ. ಆದರೆ ಅದು ಚೆನ್ನಾಗಿ ಆದಷ್ಟೂ ಅನ್ನ ಜಾಸ್ತಿ ಹೋಗುತ್ತದೆ. ಮೊದಲ ಸಲ ತಂಬುಳಿಗೆ, ಎರಡನೇ ಸಲ ಸಾರಿಗೆ, ಮೂರನೇ ಸಲ ಹುಳಿಗೆ, ಕೊನೆಗೆ ಮಜ್ಜಿಗೆಗೆ. ಪಲ್ಯ ಎಲೆಯ ತುದಿಯಲ್ಲಿ ಒಂದು ಚಿಟಿಕೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ 2024ರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಬೇಕು ಅಂತಿದೆ. ನಮ್ಮ ಎಲೆಯಲ್ಲಿ ಅದು ಮೂಲೆ ಸೇರಿದೆ.

ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟೇ: ಅನ್ನದ ಪಾತ್ರೆ ಊಟದ ಜಾಗಕ್ಕೆ ತರುವುದಿಲ್ಲ, ಒಳಗೇ ಇರುತ್ತದೆ. ಪಲ್ಯದ ಪಾತ್ರೆ, ಹೆಸರುಕಾಳಿನ ಕೋಸಂಬರಿ, ಸೌತೆಕಾಯಿ ಹಶಿ (ಮೊಸರು ಬಜ್ಜಿ) ಎದುರಿಗೆ. ಮತ್ತೆ ಅನ್ನ ಬೇಕಾದವರು ಎದ್ದು ಹೋಗಿ ಹಾಕಿಕೊಳ್ಳಬೇಕು. ಗಂಡಸರಿಗೆ ಸೋಮಾರಿತನ, ಎದ್ದು ಹೋಗುವುದಿಲ್ಲ. ತಂತಾನೇ ಕಡಿಮೆಯಾಯಿತು 😀

ಕಾಳಿದಂಡೆ
ಈ ಐಡಿಯಾ ನಾನು ಇವತ್ತೇ ಮಾಡುತ್ತೇನೆ ತಂಗಿ.

ಗಾಬಿತವಾಡ
ಕುಚ್ಚಲಕ್ಕಿ ಶುಗರಿಗೆ ಒಳ್ಳೇದಾ? ಮಾಣಿಕಟ್ಟಾ ಕಡೆಯ ಕಗ್ಗ ಅನ್ನುವ ಕೆಂಪಕ್ಕಿ ಸಿಗುತ್ತದೆ ನಮಗೆ.

ಸಿಸ್ಟರಕ್ಕ
ಪಾಲಿಶ್ ಬೆಳ್ತಿಗೆಗಿಂತ ಒಳ್ಳೇದು. ಆದರೆ ಕೆಂಪಕ್ಕಿ ಅಂತ ಮೂರು ಬಟ್ಟಲು ಉಂಡರೆ ಪ್ರಯೋಜನ ಇಲ್ಲ. ಗಂಜಿಯಾಗಿ ಮೆತ್ತಗೆ ಬೇಯಿಸಿದರೆ ಇನ್ನೂ ಬೇಗ ಶುಗರ್ ಏರುತ್ತದೆ.

ಅಪ್ಪೆಮಿಡಿ
ಹಾಗಾದರೆ ನಮ್ಮ ಅಜ್ಜಂದಿರು ಅದೇ ಅನ್ನ, ಅದೇ ಬೆಲ್ಲ ತಿಂದು ಹೇಗಿದ್ದರು? ಇದಕ್ಕೆ ಉತ್ತರ ಕೊಡಿ.

ತೋಟದಂಚು
ಅವರು ಬೆಟ್ಟದಿಂದ ಸೊಪ್ಪಿನ ಹೊರೆ ತಲೆ ಮೇಲೆ ತರುತ್ತಿದ್ದರು ಭಾವ. ಪೇಟೆಗೂ ನಡೆದೇ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಈಗ ತೋಟಕ್ಕೆ ಇಳಿಯಲು ಬೈಕು.

ಲೆಕ್ಕದಪುಸ್ತಕ
ಆಹಾರದಿಂದ ತಡೆಯಬಹುದಾ ಅನ್ನುವುದಕ್ಕೆ ನಮ್ಮ ದೇಶದ್ದೇ ಅಧ್ಯಯನ ಇದೆ. ಚೆನ್ನೈನಲ್ಲಿ ಮಾಡಿದ್ದು, 2006ರಲ್ಲಿ ಪ್ರಕಟವಾಯಿತು. ಶುಗರ್ ಬರುವ ಅಂಚಿನಲ್ಲಿದ್ದವರಿಗೆ ಊಟ, ನಡಿಗೆ ಸರಿ ಮಾಡಿಸಿದಾಗ ಕಾಯಿಲೆ ಬರುವ ಸಾಧ್ಯತೆ ಶೇ. 28.5ರಷ್ಟು ಇಳಿಯಿತು. ಮೆಟ್‌ಫಾರ್ಮಿನ್ ಕೊಟ್ಟ ಗುಂಪಿನಲ್ಲಿ ಶೇ. 26.4. ಅಮೆರಿಕದ್ದು 2002ರ ಅಧ್ಯಯನ, ಅಲ್ಲಿ ಊಟ, ನಡಿಗೆಯಿಂದ ಶೇ. 58ರಷ್ಟು ಇಳಿದಿತ್ತು.

ಗಮನಿಸಿ: ಇದು ಇನ್ನೂ ಶುಗರ್ ಬರದೇ ಇದ್ದವರ ಲೆಕ್ಕ. ಬೆಟ್ಟದದಾರಿಯವರೇ, ಪಥ್ಯದ ಪೂರ್ತಿ ಲಾಭ ಸಿಗುವುದು ನಿಮಗೆ, ಅಪ್ಪಯ್ಯನಿಗೆ ಅರ್ಧ. ನೀವು ಯಾವಾಗ ಪರೀಕ್ಷೆ ಮಾಡಿಸಿದ್ದು?

ಬೆಟ್ಟದದಾರಿ
…ಮಾಡಿಸಿಲ್ಲ.

ಸಿಸ್ಟರಕ್ಕ
ಮಾಡಿಸಪ್ಪಾ. ತಂದೆಗಿದ್ದರೆ ಮಕ್ಕಳು ಮೂವತ್ತಕ್ಕೇ ನೋಡಿಸಿಕೊಳ್ಳುವುದು ಒಳ್ಳೇದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸು.

ಮತ್ತೆ ಅಪ್ಪಯ್ಯನಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅವರ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ಇದೆ. ಅದು ಊಟ ಮಾಡಲಿ, ಬಿಡಲಿ, ಶುಗರ್ ಇಳಿಸುತ್ತದೆ. ಪಥ್ಯ ಅಂತ ಒಮ್ಮೆಲೇ ಅನ್ನ ಬಿಟ್ಟರೆ ಶುಗರ್ ತೀರಾ ಕೆಳಗೆ ಹೋಗಿ ಬೀಳಬಹುದು. ನಮ್ಮಲ್ಲಿ ಏಕಾದಶಿ ಮರುದಿನ ಇಂಥ ಕೇಸ್ ಬರುತ್ತಿದ್ದವು. ಒಬ್ಬರು ಅಜ್ಜ ಇದ್ದರು, ನಿರಾಹಾರ ಉಪವಾಸ, ಗುಳಿಗೆ ಮಾತ್ರ "ಔಷಧಿ ಬಿಡಬಾರದು" ಅಂತ ನೀಟಾಗಿ ನುಂಗಿದ್ದರು. ಬೆವರಿನಲ್ಲಿ ಅಂಗಿಯೆಲ್ಲ ಒದ್ದೆ, ಕೈ ನಡುಗುತ್ತಿತ್ತು, ಮಗನ ಗುರುತು ಹಿಡಿಯುತ್ತಿರಲಿಲ್ಲ. ಮನೆಯವರು ದೃಷ್ಟಿ ತೆಗೆದು ಕರೆದುಕೊಂಡು ಬಂದಿದ್ದರು. ಗ್ಲೂಕೋಸ್ ಕೊಟ್ಟ ಮೇಲೆ ಎದ್ದು ಕೂತು "ಇವತ್ತು ದ್ವಾದಶಿಯಾ?" ಅಂತ ಕೇಳಿದರು. ಉಪವಾಸ ಮಾಡುವುದಿದ್ದರೆ ಮೊದಲೇ ಡಾಕ್ಟ್ರನ್ನು ಕೇಳಬೇಕು.

ಉಪ್ಪಿನಾಗರ
ಇಷ್ಟೆಲ್ಲ ತಲೆಬಿಸಿ ಯಾಕೆ? ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕುಡಿಯಲಿ. ಬೇಲಿಯಲ್ಲೇ ಇದೆ, ಖರ್ಚೂ ಇಲ್ಲ, ಅಡ್ಡ ಪರಿಣಾಮವೂ ಇಲ್ಲ.

ಲೆಕ್ಕದಪುಸ್ತಕ
ಅಡ್ಡ ಪರಿಣಾಮ ಇಲ್ಲ ಅನ್ನಬೇಡಿ. ಕೊರೋನಾ ಹೊತ್ತಿನಲ್ಲಿ ದಿನಾ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಬಳ್ಳಿ ಇರಬಹುದು ಅಂದಿತು. ಬೇಲಿಯಲ್ಲಿ ಇರುವುದು ಯಾವ ಬಳ್ಳಿ ಅಂತ ನಿಮಗೆ ಖಾತ್ರಿ ಇದೆಯಾ?

ಹೊಳೆಸಾಲು
ನಮ್ಮ ಪಕ್ಕದ ಮನೆಯವರು ಯಾರೋ ಕೊಟ್ಟ "ಶುಗರ್ ಪುಡಿ" ನಂಬಿ ಗುಳಿಗೆ ಬಿಟ್ಟರು. ಕಾಲಿನ ಬೆರಳಿನ ಹುಣ್ಣು ಮಾಯಲಿಲ್ಲ. ಮಂಗಳೂರಲ್ಲಿ ಎರಡು ಬೆರಳು ತೆಗೆದರು. ಉಳಿಸಿದ ಗುಳಿಗೆ ದುಡ್ಡು ಆಂಬುಲೆನ್ಸಿಗೂ ಸಾಲಲಿಲ್ಲ.

ಗಾಬಿತವಾಡ
ಒಂದು ವಿಷಯ ಯಾರೂ ಎತ್ತುತ್ತಿಲ್ಲ. ಕವಳ, ಅಂದರೆ ಎಲೆಅಡಿಕೆ. ಊಟ ಎಷ್ಟು ಸಾತ್ವಿಕ ಆದರೂ ಆಮೇಲೆ ತಂಬಾಕು ಹಾಕಿ ಕವಳ.

ತೋಟದಂಚು
ತಂಬಾಕು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವವಳು ನಾನೇ ಹೇಳುತ್ತಿದ್ದೇನೆ.

ಅಪ್ಪೆಮಿಡಿ
ಅದು ವಿದೇಶಿ ಲಾಬಿ! ಗುಟ್ಕಾದವರು ಹಾಕುವ ಕೆಮಿಕಲ್ಲಿಗೆ ಅಡಿಕೆ ಹೆಸರು ಕೆಡಿಸಿದ್ದಾರೆ. ಈಗ ರಾಶಿ ಇಡಿ ಅಡಿಕೆಗೆ ರೇಟು ಎಷ್ಟಿದೆ ಗೊತ್ತಾ? ನಿಮ್ಮಂಥವರು ಹೀಗೆ ಬರೆದರೆ ನಾಳೆ ಕೊಳ್ಳುವವರೇ ಇರುವುದಿಲ್ಲ.

ಗಾಬಿತವಾಡ
ರೇಟು ಬೇರೆ, ಬಾಯಿ ಬೇರೆ ಸ್ವಾಮಿ. ಮಾರಿ, ಬೇಡ ಅಂದವರು ಯಾರು.

ನಿರ್ವಾಹಕ
ಅಡಿಕೆ ಜಗಳ ಇಲ್ಲಿಗೆ ನಿಲ್ಲಿಸಿ. ಹೋದ ತಿಂಗಳ ಚರ್ಚೆ ಇನ್ನೂ ತೆರೆದೇ ಇದೆ, ಅಲ್ಲಿ ಮುಂದುವರಿಸಿ.

ಬೆಟ್ಟದದಾರಿ
ಊರಿಗೆ ಹೋಗಿ ಬಂದೆ. ಸಿಸ್ಟರಕ್ಕ, ಎಲ್ಲ ಚೀಲದಲ್ಲಿ ತುಂಬಿಕೊಂಡೇ ಹೋದೆವು. ಡಾಕ್ಟ್ರು ಸ್ಟ್ರಿಪ್ಪುಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟು ನೋಡಿದರು. ಆಯಿಯ ಎರಡನೇ ಆಮ್ಲೋಡಿಪಿನ್ ತೆಗೆದರು. ರಕ್ತ ಪರೀಕ್ಷೆ, ಇಸಿಜಿ ಮಾಡಿಸಿದರು, ಅದರಲ್ಲಿ ತೊಂದರೆ ಕಾಣಲಿಲ್ಲ. ನೀರಿನ ಗುಳಿಗೆಯನ್ನೂ ನಿಲ್ಲಿಸಿ ಬೀಪಿ ಬರೆದಿಟ್ಟುಕೊಂಡು ಬನ್ನಿ ಅಂದಿದ್ದಾರೆ. ಬಾವು ಈಗಲೇ ಇಳಿದಿದೆ, ಆಯಿ ಮೊನ್ನೆ ಬೆಳ್ಳಿ ಕಾಲುಂಗುರ ಮತ್ತೆ ಹಾಕಿಕೊಂಡಿದ್ದಾರೆ.

ಅಪ್ಪಯ್ಯನ ಎಂಪಾಗ್ಲಿಫ್ಲೋಜಿನ್ ಅಗ್ಗದ್ದಕ್ಕೆ ಬದಲಾಯಿತು. ಬಿ12 ಕಡಿಮೆ ಇತ್ತು, ಬರೀ ಅದರ ಗುಳಿಗೆ ಕೊಟ್ಟಿದ್ದಾರೆ. ಟಾನಿಕ್, ಪ್ರೋಟೀನ್ ಡಬ್ಬಿ, ಮಲ್ಟಿವಿಟಮಿನ್ ಎಲ್ಲ ಹೋಯಿತು. ಬಿಲ್ಲು ಅರ್ಧಕ್ಕಿಂತ ಕೆಳಗೆ ಬಂತು, ಊಟದಲ್ಲಿ ಇನ್ನೂ ಏನೂ ಬದಲಿಸದೆಯೇ.

ಊಟದ ಬಗ್ಗೆ ಅಪ್ಪಯ್ಯ ಡಾಕ್ಟ್ರ ಹತ್ತಿರವೇ ವಾದ ಹಾಕಿದರು. ಕೊನೆಗೆ ಒಪ್ಪಂದ ಹೀಗೆ: ಗುಳಿಗೆ ಬಿಡುವುದಿಲ್ಲ, ಜೋನಿ ಬೆಲ್ಲ ಬಿಡುತ್ತಾರೆ, ರಾತ್ರಿ ಅನ್ನ ಒಂದೇ ಸಲ, ಸಂಜೆ ದೇವಸ್ಥಾನಕ್ಕೆ ನಡೆದೇ ಹೋಗುವುದು. ಮೂರು ತಿಂಗಳ ಮೇಲೆ ರಿಪೋರ್ಟ್ ನೋಡಿ ಗ್ಲಿಮೆಪಿರೈಡ್ ಇಳಿಸುವ ವಿಚಾರ ಮಾಡೋಣ ಅಂದರು. ಅಪ್ಪಯ್ಯ ಅದನ್ನು ಪಂದ್ಯದ ತರಹ ತಗೊಂಡಿದ್ದಾರೆ.

ಅಪ್ಪೆಮಿಡಿ
ಉಪ್ಪಿನಕಾಯಿ ಬಿಡಿಸಲಿಲ್ಲ ತಾನೇ?

ಬೆಟ್ಟದದಾರಿ
ಭರಣಿ ಅಟ್ಟದ ಮೇಲೆ ಹೋಗಿದೆ. ಹಬ್ಬಕ್ಕೆ ಇಳಿಯುತ್ತದಂತೆ.

ಕಾಳಿದಂಡೆ
ಒಳ್ಳೇದಾಯಿತು. ಮೆಡಿಕಲ್‌ಮಾಮ, ಒಂದು ಪ್ರಶ್ನೆ. ಅತ್ತೆಗೆ ಮನೆಯಲ್ಲೇ ಬೀಪಿ ನೋಡುವ ಮಿಷನ್ ತಗೊಳ್ಳಬೇಕು. ಕೈಗಡಿಯಾರದ ತರಹ ಮಣಿಕಟ್ಟಿಗೆ ಕಟ್ಟುವುದು ಸಣ್ಣದು, ಚೆಂದ ಇದೆ. ಅದು ಸಾಕಾ?

ಮೆಡಿಕಲ್‌ಮಾಮ
ಬೇಡ, ತೋಳಿಗೆ ಕಟ್ಟುವುದೇ ತಗೊಳ್ಳಿ. ಪಟ್ಟಿಯ ಅಳತೆ ಅತ್ತೆಯ ತೋಳಿಗೆ ಸರಿಯಾಗಬೇಕು, ಬಿಗಿಯಾದರೆ ಬೀಪಿ ಜಾಸ್ತಿ ತೋರಿಸುತ್ತದೆ. ಚಹಾ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಐದು ನಿಮಿಷ ಸುಮ್ನೆ ಕುರ್ಚಿಗೆ ಒರಗಿ ಕೂತು, ಕಾಲು ನೆಲಕ್ಕೆ ತಾಗಿಸಿ, ಮಾತಾಡದೆ ನೋಡಬೇಕು.

ಕಾಳಿದಂಡೆ
ಮಾತಾಡದೆ ಐದು ನಿಮಿಷ? ನಮ್ಮ ಅತ್ತೆ? 😄

ಮೆಡಿಕಲ್‌ಮಾಮ
ಹಾಗಾದರೆ ನಿದ್ದೆಯಿಂದ ಎದ್ದ ಕೂಡಲೇ ಹಿಡಿಯಿರಿ. ಗುಳಿಗೆ, ತಿಂಡಿ ಎರಡಕ್ಕೂ ಮೊದಲು. ಬರೆದಿಟ್ಟುಕೊಳ್ಳಿ, ಫೋನಲ್ಲಿ ಬೇಡ, ಕ್ಯಾಲೆಂಡರ್ ಮೇಲೆ. ಡಾಕ್ಟ್ರಿಗೆ ಹೋಗುವಾಗ ಆ ಹಾಳೆ ಹರಿದುಕೊಂಡು ಹೋದರಾಯಿತು.